ಐವತ್ತು ಲಕ್ಷ ಹೆಜ್ಜೆಗಳ ಹಾದಿ

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಭಾಗದಲ್ಲಿ, ಅಟ್ಲಾಂಟಿಕ್ ಸಾಗರದ ತೀರಕ್ಕೆ ಹೆಚ್ಚುಕಡಮೆ ಸಮಾನಾಂತರವಾಗಿ, ನೈಋತ್ಯದಿಂದ ಈಶಾನ್ಯಕ್ಕೆ ಹಬ್ಬಿರುವ ಬೆಟ್ಟಗಳ ಸಾಲಿಗೆ ಅಪಲೇಷಿಯನ್ ಪರ್ವತಶ್ರೇಣಿ ಎಂದು ಹೆಸರು. ಹಿಮಾಲಯದ ಎತ್ತರ ಇದಕ್ಕಿಲ್ಲ. ಆದರೆ ವಯಸ್ಸಿನಲ್ಲಿ ಹಿಮಾಲಯಕ್ಕಿಂತ ಎಷ್ಟೋ ಹಿರಿದು. ಕೋಟ್ಯಂತರ ವರ್ಷಗಳ ಮಳೆಗಾಳಿಗೆ ಸವೆದು, ಕಾಡನ್ನು ಹೊದ್ದು ಮಲಗಿರುವ ಈ ಬೆಟ್ಟಗಳ ನೆತ್ತಿಯ ಮೇಲೆ ಒಂದು ಕಾಲುದಾರಿ ಸಾಗಿಹೋಗಿದೆ. ದಕ್ಷಿಣದಲ್ಲಿ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಮೊದಲಾಗಿ, 14 ರಾಜ್ಯಗಳನ್ನು ಹಾದು, ಉತ್ತರದಲ್ಲಿ ಮೇಯ್ನ್ ರಾಜ್ಯದ ಕಟಾಡಿನ್ ಶಿಖರದ ಮೇಲೆ ಅದು ಮುಗಿಯುತ್ತದೆ. ಇದೇ ಅಪಲೇಷಿಯನ್ ಹಾದಿ.

ಈ ಹಾದಿಯ ಲೆಕ್ಕ ಕೇಳಿದರೆ ತಲೆ ತಿರುಗುವಂತಿದೆ. ಉದ್ದ ಸುಮಾರು 2,200 ಮೈಲಿ. ಅಂದರೆ 3,500 ಕಿಲೋಮೀಟರಿಗೂ ಮಿಕ್ಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ರಸ್ತೆಗೆ ಹತ್ತಿರ ಹತ್ತಿರ ಸಮ. ಆದರೆ ಇದು ರಸ್ತೆಯಲ್ಲ. ಬೇರು, ಬಂಡೆ, ಕೆಸರುಗಳ ಕಾಲುದಾರಿ. ದಾರಿಯ ಏರುಗಳನ್ನೆಲ್ಲ ಕೂಡಿಸಿದರೆ ಸಮುದ್ರಮಟ್ಟದಿಂದ ಎವರೆಸ್ಟ್ ಶಿಖರವನ್ನು 16 ಸಲ ಹತ್ತಿದಂತಾಗುತ್ತದೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ಇಡಬೇಕಾದ ಹೆಜ್ಜೆಗಳು ಸುಮಾರು 50 ಲಕ್ಷ. ಮಾರ್ಚ್ ಇಲ್ಲವೆ ಏಪ್ರಿಲ್ ತಿಂಗಳಲ್ಲಿ ದಕ್ಷಿಣದ ತುದಿಯಿಂದ ಹೊರಟವರು ಐದರಿಂದ ಏಳು ತಿಂಗಳ ಅನಂತರ ಉತ್ತರದ ತುದಿಯನ್ನು ಮುಟ್ಟುತ್ತಾರೆ. ‘ಮುಟ್ಟುತ್ತಾರೆ’ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. ಪ್ರತಿ ವರ್ಷ ಸಾವಿರಾರು ಮಂದಿ ಹೊರಡುತ್ತಾರೆ. ಕೊನೆ ಮುಟ್ಟುವವರು ಸುಮಾರಾಗಿ ನಾಲ್ವರಲ್ಲಿ ಒಬ್ಬರು.

ಉಳಿದ ಮೂವರು ಏಕೆ ಹಿಂದಿರುಗುತ್ತಾರೆ? ಕೆಲವರಿಗೆ ಕಾಲು ಉಳುಕುತ್ತದೆ. ಕೆಲವರ ಕೈಯಲ್ಲಿದ್ದ ಹಣ ಮುಗಿಯುತ್ತದೆ. ಕೆಲವರಿಗೆ ಮನೆಯಿಂದ ಕೆಟ್ಟ ಸುದ್ದಿ ಬರುತ್ತದೆ. ಆದರೆ ಮೈ ಗಟ್ಟಿಯಾಗಿದ್ದು, ಚೀಲದಲ್ಲಿ ಹಣವೂ ಇದ್ದು, ಯಾವ ಅಪಘಾತವೂ ಆಗದೆ ಹಿಂದಿರುಗುವವರೂ ಬಹಳ ಮಂದಿ ಉಂಟು. ದಿನಾಲೂ ನಡೆಯುವ ಕಾಲು ಕೆಲವೇ ವಾರಗಳಲ್ಲಿ ತಾನಾಗಿಯೇ ಬಲಿಯುತ್ತದೆ. ಮನಸ್ಸು ಹಾಗೆ ತಾನಾಗಿ ಬಲಿಯುವುದಿಲ್ಲ. ಅದನ್ನು ಮನೆಯಲ್ಲಿರುವಾಗಲೇ ಅಣಿಗೊಳಿಸಿಕೊಂಡು ಬರಬೇಕು ಎಂಬುದು ಈ ಹಾದಿಯನ್ನು ನಡೆದು ಮುಗಿಸಿದವರ ಒಮ್ಮತದ ಮಾತು.

ದುಃಖದಲ್ಲಿ ಹುಟ್ಟಿದ ದಾರಿ

ಹಾದಿಯ ಹುಟ್ಟಿನಲ್ಲಿಯೇ ಮನಸ್ಸಿನ ಕಥೆಯೊಂದು ಅಡಗಿದೆ. ಬೆಂಟನ್ ಮೆಕೈ ಎಂಬಾತ ಅರಣ್ಯಶಾಸ್ತ್ರವನ್ನು ಬಲ್ಲವನು. ಅವನ ಹೆಂಡತಿ ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದವಳು. 1921ರ ಏಪ್ರಿಲ್ ತಿಂಗಳಲ್ಲಿ ಆಕೆ ತೀರಿಕೊಂಡಳು. ಶೋಕದಲ್ಲಿ ಮುಳುಗಿದ್ದ ಮೆಕೈಯನ್ನು ಗೆಳೆಯನೊಬ್ಬ ನ್ಯೂಜೆರ್ಸಿಯ ಹಳ್ಳಿಗಾಡಿಗೆ ಕರೆಸಿಕೊಂಡ. ಆ ಬೇಸಿಗೆಯ ಏಕಾಂತದಲ್ಲಿ ಮೆಕೈ ಬರೆದ ಪ್ರಬಂಧ ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕಾರ್ಖಾನೆ ಕಚೇರಿಗಳಲ್ಲಿ ಬಳಲಿದ ಪಟ್ಟಣವಾಸಿಗಳಿಗೆ ಉಸಿರಾಡಲು ಬೆಟ್ಟದ ಸಾಲಿನುದ್ದಕ್ಕೂ ಒಂದು ದಾರಿ ಬೇಕು ಎಂಬುದು ಅದರ ಸಾರಾಂಶ. ಕನಸು ಮೆಕೈಯದು; ಅದನ್ನು ನೆಲದ ಮೇಲೆ ಇಳಿಸಿದವರಲ್ಲಿ ಮುಖ್ಯನಾದವನು ಮೈರನ್ ಏವರಿ ಎಂಬ ವಕೀಲ. ಅಳತೆಯ ಚಕ್ರವೊಂದನ್ನು ಮುಂದೆ ತಳ್ಳಿಕೊಂಡು ಏವರಿ ಹಾದಿಯನ್ನೆಲ್ಲ ಭಾಗಭಾಗವಾಗಿ ನಡೆದು ಅಳೆದ. ನೂರಾರು ಸ್ವಯಂಸೇವಕರು ಕೊಡಲಿ ಹಿಡಿದು ದುಡಿದರು. 1937ರ ಆಗಸ್ಟ್ ತಿಂಗಳಲ್ಲಿ ಹಾದಿ ಸಂಪೂರ್ಣವಾಯಿತು.

ಆದರೂ ಒಂದೇ ಸಲಕ್ಕೆ ಇಷ್ಟು ದೂರವನ್ನು ಯಾರಾದರೂ ನಡೆದಾರು ಎಂದು ಹಾದಿ ಕಡಿದವರೇ ನಂಬಿರಲಿಲ್ಲ. ಪೆನ್ಸಿಲ್ವೇನಿಯಾದ ತರುಣ ಅರ್ಲ್ ಷಾಫರ್ ಮತ್ತು ಅವನ ಬಾಲ್ಯದ ಗೆಳೆಯ ಜೊತೆಯಾಗಿ ಈ ಹಾದಿಯನ್ನು ನಡೆಯಬೇಕೆಂದು ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಇಬ್ಬರೂ ಪೆಸಿಫಿಕ್ ರಣರಂಗಕ್ಕೆ ಹೋದರು. ಗೆಳೆಯ ಇವೋ ಜಿಮಾ ದ್ವೀಪದ ಕದನದಲ್ಲಿ ಮಡಿದ. ಷಾಫರ್ ಒಬ್ಬನೇ ಊರಿಗೆ ಮರಳಿದ. ಯುದ್ಧವನ್ನು ತನ್ನ ಮೈಮನಗಳಿಂದ ನಡೆದೇ ಕಳೆದುಕೊಳ್ಳಬೇಕೆಂಬ ಹಟದಿಂದ ಅವನು 1948ರ ಏಪ್ರಿಲ್ 4ರಂದು ಜಾರ್ಜಿಯಾದಿಂದ ಹೊರಟು, ಆಗಸ್ಟ್ 5ರಂದು ಕಟಾಡಿನ್ ಶಿಖರವನ್ನು ಏರಿದ. ಮಾರ್ಗದರ್ಶಿ ಪುಸ್ತಕಗಳು ಅವನ ಕೈಗೆ ಬಂದಿರಲಿಲ್ಲ; ರಸ್ತೆಗಳ ನಕ್ಷೆಯೇ ಆಧಾರ. ಹಾದಿಯ ಅಧಿಕಾರಿಗಳು ಮೊದಲು ಅವನ ಮಾತನ್ನು ನಂಬದೆ, ಅವನ ದಿನಚರಿಯನ್ನೂ ಚಿತ್ರಗಳನ್ನೂ ನೋಡಿದ ಮೇಲೆ ಒಪ್ಪಿಕೊಂಡರು. ಹಾದಿಯನ್ನು ಒಂದೇ ಪ್ರಯಾಣದಲ್ಲಿ ಮುಗಿಸಿದನೆಂದು ದಾಖಲಾದ ಮೊದಲಿಗ ಅವನು.

‘ಏಕೆ?’ ಎಂಬ ಪ್ರಶ್ನೆ

ಷಾಫರನಿಗೆ ತಾನು ಏಕೆ ನಡೆಯುತ್ತಿದ್ದೇನೆಂಬುದು ಗೊತ್ತಿತ್ತು. ಹೊರಡುವವನ ಮೊದಲನೆಯ ಸಿದ್ಧತೆ ಇದೇ. ಪಂಢರಪುರಕ್ಕೋ ಶ್ರೀಶೈಲಕ್ಕೋ ಕಾಲ್ನಡಿಗೆಯಲ್ಲಿ ಹೋಗುವ ನಮ್ಮ ನಾಡಿನ ಯಾತ್ರಿಕರಿಗೆ ಈ ಪ್ರಶ್ನೆಯ ತೊಡಕು ಇಲ್ಲ. ದಾರಿಯ ಕೊನೆಯಲ್ಲಿ ದೇವರಿದ್ದಾನೆ, ಜೊತೆಯಲ್ಲಿ ಊರಿನವರಿದ್ದಾರೆ, ಬಾಯಲ್ಲಿ ಭಜನೆಯಿದೆ. ಅಪಲೇಷಿಯನ್ ಹಾದಿಯ ಕೊನೆಯಲ್ಲಿ ಗುಡಿಯಿಲ್ಲ, ಗೋಪುರವಿಲ್ಲ; ಇರುವುದು ಬೋಳು ಬಂಡೆಗಳ ಮೇಲೆ ಒಂದು ಮರದ ಫಲಕ. ಆದ್ದರಿಂದ ತನ್ನ ಕಾರಣವನ್ನು ನಡೆಯುವವನೇ ತಂದುಕೊಳ್ಳಬೇಕು.

ಕಾಡಿನ ಚಿತ್ರಗಳನ್ನು ನೋಡಿ ಮರುಳಾಗಿ ಹೊರಟವನ ಕಾರಣ ಮೊದಲ ಮಳೆಗೇ ತೊಳೆದುಹೋಗುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಈ ಹಾದಿಯಲ್ಲಿ ಕಾಲಿನಿಂದಲೇ ಕಲಿಯಬೇಕಾಗುತ್ತದೆ. ಅದಕ್ಕಾಗಿಯೇ ಹಲವರು ಹೊರಡುವ ಮುನ್ನ, ತಾವು ಏಕೆ ಹೋಗುತ್ತಿದ್ದೇವೆಂಬುದನ್ನೂ, ಅರ್ಧದಲ್ಲಿ ಬಿಟ್ಟು ಬಂದರೆ ತಮಗೆ ಹೇಗೆ ಅನಿಸೀತೆಂಬುದನ್ನೂ ಒಂದು ಕಾಗದದಲ್ಲಿ ಬರೆದು ಚೀಲದಲ್ಲಿಟ್ಟುಕೊಳ್ಳುತ್ತಾರೆ. ಹಸಿದು, ನೆನೆದು, ನಡುಗುತ್ತ ಕುಳಿತಾಗ ಮನಸ್ಸು ನೂರು ನೆಪ ಹೇಳುತ್ತದೆ. ಬೆಚ್ಚಗಿದ್ದಾಗ ತಾನೇ ಬರೆದ ಮಾತು ಆಗ ಸಾಕ್ಷಿಯಾಗಿ ನಿಲ್ಲುತ್ತದೆ.

ಬೆನ್ನಿನ ಮೇಲಿನ ಭಯ

ಸ್ಪ್ರಿಂಗರ್ ಬೆಟ್ಟದಿಂದ ಸುಮಾರು 31 ಮೈಲಿ ನಡೆದರೆ ನೀಲ್ ಗ್ಯಾಪ್ ಎಂಬ ಕಣಿವೆಯ ದಾರಿ ಸಿಗುತ್ತದೆ. ಅಲ್ಲಿ ಕಲ್ಲಿನ ಹಳೆಯ ಕಟ್ಟಡವೊಂದರಲ್ಲಿ ನಡಿಗೆಯ ಸಾಮಗ್ರಿಗಳ ಅಂಗಡಿಯಿದೆ. ಹಾದಿ ಈ ಕಟ್ಟಡದ ಕಮಾನಿನ ಕೆಳಗೇ ಹಾದುಹೋಗುತ್ತದೆ. ಮೂರು ನಾಲ್ಕು ದಿನಗಳ ನಡಿಗೆಯಲ್ಲೇ ಸಾಕಾಗಿ ಹೋದವರು ಇಲ್ಲಿಂದಲೇ ಊರಿನ ದಾರಿ ಹಿಡಿಯುತ್ತಾರೆ. ಹೀಗೆ ಕಳಚಿ ಎಸೆದ ಬೂಟುಗಳು ಬಹಳ ಕಾಲ ಅಂಗಡಿಯ ಎದುರಿನ ಮರದಲ್ಲಿ ಗೊಂಚಲು ಗೊಂಚಲಾಗಿ ನೇತಾಡುತ್ತಿದ್ದವು.

ಈ ಅಂಗಡಿಯವರು ಮಾಡುವ ಇನ್ನೊಂದು ಕೆಲಸ ಸ್ವಾರಸ್ಯವಾದುದು. ಬೆನ್ನುಚೀಲದ ಭಾರಕ್ಕೆ ಕುಗ್ಗಿ ಬಂದವರ ಗಂಟುಮೂಟೆ ಬಿಚ್ಚಿಸಿ, ಬೇಕಾದುದನ್ನು ಉಳಿಸಿ, ಬೇಡವಾದುದನ್ನು ಅಂಚೆಯಲ್ಲಿ ಮನೆಗೆ ಕಳುಹಿಸಿಬಿಡುತ್ತಾರೆ. ಬಿಚ್ಚಿದ ಮೂಟೆಯಲ್ಲಿ ಕಾಣುವುದು ಸಾಮಾನುಗಳಷ್ಟೇ ಅಲ್ಲ, ಅದನ್ನು ಕಟ್ಟಿದವನ ಭಯಗಳೂ ಹೌದು. ಹಸಿವಿಗೆ ಹೆದರಿದವನು ಹದಿನೈದು ದಿನದ ಊಟ ಹೊತ್ತಿರುತ್ತಾನೆ. ಚಳಿಗೆ ಹೆದರಿದವನು ಮೂರು ಅಂಗಿ ಹೆಚ್ಚು ತಂದಿರುತ್ತಾನೆ. ಕರಡಿಗೆ ಹೆದರಿದವನ ಸೊಂಟದಲ್ಲಿ ದೊಡ್ಡದೊಂದು ಕತ್ತಿ ತೂಗುತ್ತಿರುತ್ತದೆ. ಕಪ್ಪು ಕರಡಿಗಳು ಈ ಕಾಡಿನಲ್ಲಿ ಇರುವುದು ನಿಜ. ರಾತ್ರಿ ಊಟದ ಚೀಲವನ್ನು ಅವಕ್ಕೆ ಎಟುಕದಂತೆ ಎತ್ತರದಲ್ಲಿ ಕಟ್ಟಬೇಕಾದುದೂ ನಿಜ. ಆದರೆ ನಡೆಯುವವರನ್ನು ದಿನದಿನವೂ ಕಾಡುವುದು ಕರಡಿಯಲ್ಲ. ಕಾಲಿನ ಬೊಬ್ಬೆ, ಒದ್ದೆ ಕಾಲುಚೀಲ, ಜಾರುವ ಬಂಡೆ, ಹುಲ್ಲಿನಲ್ಲಿ ಅಡಗಿದ್ದು ರೋಗ ಅಂಟಿಸುವ ಉಣ್ಣೆ.

ಯಾವ ಭಯ ನಿಜ, ಯಾವುದು ಕಲ್ಪನೆ ಎಂಬುದನ್ನು ಬೇರೆ ಮಾಡಿಕೊಳ್ಳುವುದು ಎರಡನೆಯ ಸಿದ್ಧತೆ. ಅನುಭವಿಗಳು ಇದಕ್ಕೆ ಸುಲಭವಾದ ಉಪಾಯ ಹೇಳುತ್ತಾರೆ. ಮಹಾಯಾತ್ರೆಗೆ ಮೊದಲು ಬಿಸಿಲಿನ ದಿನವನ್ನಲ್ಲ, ಮಳೆಯ ದಿನವನ್ನೇ ಆರಿಸಿ, ತುಂಬಿದ ಚೀಲ ಹೊತ್ತು ಹತ್ತಿರದ ಕಾಡಿನಲ್ಲಿ ಎರಡು ರಾತ್ರಿ ಕಳೆಯಬೇಕು. ಒದ್ದೆಯಾದರೂ ಬೆಳಗು ಆಗುತ್ತದೆ ಎಂಬುದನ್ನು ಒಮ್ಮೆ ಕಂಡ ಮನಸ್ಸು ಮುಂದಿನ ಮಳೆಗೆ ಅಷ್ಟು ಬೆದರುವುದಿಲ್ಲ. ಮಳೆಯಿಲ್ಲದೆ, ನೋವಿಲ್ಲದೆ ಮೇಯ್ನ್ ಇಲ್ಲ ಎಂಬರ್ಥದ ಗಾದೆಯನ್ನೇ ಈ ಹಾದಿಯವರು ಕಟ್ಟಿಕೊಂಡಿದ್ದಾರೆ.

ಒಂದು ಗುರುತಿನಿಂದ ಇನ್ನೊಂದಕ್ಕೆ

ಹಾದಿಯುದ್ದಕ್ಕೂ ಮರಗಳ ಮೇಲೆ, ಮರವಿಲ್ಲದೆಡೆ ಬಂಡೆಗಳ ಮೇಲೆ, ಎರಡು ಅಂಗುಲ ಅಗಲ ಆರು ಅಂಗುಲ ಉದ್ದದ ಬಿಳಿಯ ಪಟ್ಟೆಗಳನ್ನು ಬಳಿದಿದ್ದಾರೆ. ಒಂದರ ಮೇಲೊಂದು ಎರಡು ಪಟ್ಟೆ ಕಂಡರೆ, ‘ಎಚ್ಚರ, ದಾರಿ ತಿರುಗುತ್ತದೆ’ ಎಂದರ್ಥ. ನೀಲಿಯ ಪಟ್ಟೆ ನೀರಿನ ಒರತೆಗೋ ತಂಗುಮನೆಗೋ ಕರೆದೊಯ್ಯುತ್ತದೆ. ಮೂರು ಕಡೆ ಗೋಡೆ, ಒಂದು ಕಡೆ ಬಯಲು ಇರುವ ಇಂಥ ಮರದ ತಂಗುಮನೆಗಳು 250ಕ್ಕೂ ಹೆಚ್ಚು ಇವೆ.

ಜಾರ್ಜಿಯಾದಲ್ಲಿ ನಿಂತು ಮೇಯ್ನ್ ರಾಜ್ಯವನ್ನು ನೆನೆದವನ ಕಾಲು ಏಳುವುದಿಲ್ಲ. ಎರಡು ಸಾವಿರ ಮೈಲಿಯನ್ನು ಯಾರ ಮನಸ್ಸೂ ಹೊರಲಾರದು; ಮುಂದಿನ ತಂಗುಮನೆಯವರೆಗಿನ ಎಂಟು ಮೈಲಿಯನ್ನು ಎಂಥವನ ಮನಸ್ಸಾದರೂ ಹೊರಬಲ್ಲದು. ಅದೂ ಆಗದ ದಿನ ಕಣ್ಣಿಗೆ ಕಾಣುವ ಮುಂದಿನ ಬಿಳಿಯ ಪಟ್ಟೆಯೇ ಸಾಕು. ದೂರವನ್ನು ಹೀಗೆ ಚೂರು ಚೂರಾಗಿ ಒಡೆದುಕೊಳ್ಳುವುದು ಮೂರನೆಯ ಸಿದ್ಧತೆ. ಸಂಸಾರದ ಸಾಲವನ್ನು ತಿಂಗಳು ತಿಂಗಳು ತೀರಿಸುವ ಗೃಹಸ್ಥನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಷ್ಟಕ್ಕಿಂತ ಬೇಸರ ದೊಡ್ಡ ಶತ್ರು. ಹೊರಟ ಹೊಸದರಲ್ಲಿ ಉತ್ಸಾಹವಿರುತ್ತದೆ. ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ 6,600 ಅಡಿಗೂ ಮೇಲೆ ಏರಿ, ಹಾದಿಯಲ್ಲೆಲ್ಲ ಎತ್ತರವಾದ ತಾಣವನ್ನು ಮೆಟ್ಟಿದ ಹೆಮ್ಮೆಯಿರುತ್ತದೆ. ಅಲ್ಲಿಂದ ಮುಂದೆ ವರ್ಜೀನಿಯಾ ರಾಜ್ಯ. ಹಾದಿಯ ಕಾಲುಭಾಗ, ಸುಮಾರು 550 ಮೈಲಿ, ಇದೊಂದರಲ್ಲೇ ಇದೆ. ವಾರಗಟ್ಟಲೆ ನಡೆದರೂ ರಾಜ್ಯ ಬದಲಾಗುವುದಿಲ್ಲ. ಎಲೆ ತುಂಬಿದ ಮರಗಳು ಮೇಲೆ ಒಂದಾಗಿ ಆಕಾಶ ಕಾಣದಂತಾಗಿ, ಹಸಿರು ಸುರಂಗದಲ್ಲಿ ನಡೆದಂತಾಗುತ್ತದೆ. ಕೆಡುಕೇನೂ ನಡೆಯದಿದ್ದರೂ ಜೀವ ಮುದುಡುವ ಈ ಮಂಕಿಗೆ ‘ವರ್ಜೀನಿಯಾ ಮಂಕು’ ಎಂದೇ ಹೆಸರಾಗಿದೆ. ಅದು ಬಂದೇ ಬರುತ್ತದೆಂದು ಮೊದಲೇ ತಿಳಿದವರು, ಬಂದಾಗ ‘ಓ, ಇದೇ ಅದು’ ಎಂದು ಗುರುತಿಸಿ ಮುಂದೆ ನಡೆಯುತ್ತಾರೆ. ತಿಳಿಯದವರು ತಮ್ಮಲ್ಲೇ ಏನೋ ಕೊರತೆಯಿದೆಯೆಂದು ಬಗೆದು ಹಿಂದಿರುಗುತ್ತಾರೆ.

ಮಂಕನ್ನು ಕಳೆಯಲು ಹಾದಿಯ ಜನ ಸಣ್ಣ ಸಣ್ಣ ಹಬ್ಬಗಳನ್ನು ಮಾಡಿಕೊಂಡಿದ್ದಾರೆ. ಪೋಟೋಮ್ಯಾಕ್ ನದಿಯ ದಡದ ಹಾರ್ಪರ್ಸ್ ಫೆರಿ ಎಂಬ ಊರಿನಲ್ಲಿ ಹಾದಿಯ ಸಂಸ್ಥೆಯ ಮುಖ್ಯ ಕಚೇರಿಯಿದೆ. ಲೆಕ್ಕದ ಪ್ರಕಾರ ಅದು ಅರ್ಧದಾರಿಯಲ್ಲ. ಆದರೂ ಮನಸ್ಸಿನ ಅರ್ಧದಾರಿ ಅದೇ ಎಂಬುದು ರೂಢಿ. ನಿಜವಾದ ಅರ್ಧದಾರಿ ಪೆನ್ಸಿಲ್ವೇನಿಯಾದ ಪೈನ್ ಗ್ರೋವ್ ಫರ್ನೇಸ್ ಬಳಿ. ಅಲ್ಲಿಯ ಅಂಗಡಿಯಲ್ಲಿ ಅರ್ಧ ಗ್ಯಾಲನ್ ಐಸ್‌ಕ್ರೀಮನ್ನು ಒಂದೇ ಸಲಕ್ಕೆ ತಿಂದು ಮುಗಿಸುವುದು ಸಂಪ್ರದಾಯ. ಅರ್ಧ ಹಾದಿಗೆ ಅರ್ಧ ಗ್ಯಾಲನ್! ಹಾದಿಯಲ್ಲಿ ಎಲ್ಲರಿಗೂ ಹೊಸ ಅಡ್ಡಹೆಸರು. ಊರಿನ ಹೆಸರು ಹುದ್ದೆಗಳನ್ನು ಕೇಳುವವರಿಲ್ಲ. ರಸ್ತೆ ಅಡ್ಡ ಬಂದೆಡೆ ಪರಿಚಯವೇ ಇಲ್ಲದ ಊರಿನವರು ಹಣ್ಣು, ತಂಪು ಪಾನೀಯ ಇಟ್ಟು ಕಾದಿರುವುದೂ ಉಂಟು. ಅಂಥವರನ್ನು ಹಾದಿಯ ದೇವದೂತರೆಂದು ಕರೆಯುತ್ತಾರೆ.

ಗೇಟ್‌ವುಡ್ ಅಜ್ಜಿ

ಇಷ್ಟೆಲ್ಲ ಸಿದ್ಧತೆಯ ನಡುವೆಯೂ ಸೋಲು ಬರಬಹುದು. ಸೋಲನ್ನು ಏನು ಮಾಡಬೇಕೆಂಬುದನ್ನು ತಿಳಿಯಲು ಎಮ್ಮಾ ಗೇಟ್‌ವುಡ್ ಎಂಬ ಮುದುಕಿಯ ಕಥೆಯನ್ನು ಕೇಳಬೇಕು.

1887ರಲ್ಲಿ ಒಹಾಯೋ ರಾಜ್ಯದ ಹಳ್ಳಿಯಲ್ಲಿ ಹುಟ್ಟಿದ ಈಕೆ 11 ಮಕ್ಕಳನ್ನು ಹೆತ್ತು, ಹೊಲಮನೆಗಳಲ್ಲಿ ದುಡಿದು ಸಾಕಿದವಳು. ಗಂಡ ಹೊಡೆಯುತ್ತಿದ್ದ, ಒಂದೆರಡು ಸಲವಲ್ಲ, ವರ್ಷಾನುಗಟ್ಟಲೆ. ಹೊಡೆತ ತಿಂದ ಜೀವಕ್ಕೆ ಆಸರೆಯಾಗಿದ್ದುದು ಮನೆಯ ಹಿಂದಿನ ಕಾಡು. 1941ರಲ್ಲಿ ಆಕೆ ವಿಚ್ಛೇದನ ಪಡೆದು ಬಿಡುಗಡೆ ಹೊಂದಿದಳು. ಮಕ್ಕಳು ದೊಡ್ಡವರಾದ ಮೇಲೆ, ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ 1949ರ ಸಂಚಿಕೆಯೊಂದರಲ್ಲಿ ಅಪಲೇಷಿಯನ್ ಹಾದಿಯ ಲೇಖನ ಆಕೆಯ ಕಣ್ಣಿಗೆ ಬಿತ್ತು. ಅದನ್ನೋದಿದರೆ ಹಾದಿ ಸುಗಮವೆಂದೇ ತೋರುತ್ತಿತ್ತು.

1954ರ ಬೇಸಿಗೆಯಲ್ಲಿ ಆಕೆ ಯಾರಿಗೂ ತಿಳಿಸದೆ ಉತ್ತರದ ತುದಿಗೆ ಹೋಗಿ ನಡೆಯತೊಡಗಿದಳು. ಕೆಲವೇ ದಿನಗಳಲ್ಲಿ ಮೇಯ್ನ್ ರಾಜ್ಯದ ದಟ್ಟ ಕಾಡಿನಲ್ಲಿ ದಾರಿ ತಪ್ಪಿತು, ಕನ್ನಡಕ ಒಡೆಯಿತು, ಆಹಾರ ಮುಗಿಯಿತು. ಅರಣ್ಯದ ಸಿಬ್ಬಂದಿ ಆಕೆಗೆ ಊರಿಗೆ ಹಿಂದಿರುಗುವಂತೆ ಬುದ್ಧಿ ಹೇಳಿದರು. ಆಕೆ ಹಿಂದಿರುಗಿದಳು. ಯಾರಿಗೂ ಹೇಳಿ ಹೋಗಿರಲಿಲ್ಲವಾದ್ದರಿಂದ ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಆ ಸೋಲು ಆಕೆಯದೊಬ್ಬಳದೇ ಆಗಿ ಉಳಿಯಿತು. ಅದರಿಂದ ಕಲಿತದ್ದೂ ಆಕೆಯೊಬ್ಬಳೇ.

ಮರುವರ್ಷದ ಸಿದ್ಧತೆ ಅತ್ಯಂತ ಸರಳ. ಪಟ್ಟಣದ ಬೀದಿಯನ್ನು ಸುತ್ತುವುದು. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಹತ್ತು ಮೈಲಿಯವರೆಗೆ ನಡೆಯುವುದು. ದುಬಾರಿ ಸಲಕರಣೆ ಒಂದೂ ಇಲ್ಲ. ಕೈಯಿಂದಲೇ ಹೊಲಿದ ಒಂದು ಬಟ್ಟೆಯ ಚೀಲ, ಒಂದು ಕಂಬಳಿ, ಮಳೆಗೆ ಹೊದೆಯಲು ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ, ಕಾಲಿಗೆ ಬಟ್ಟೆಯ ಬೂಟು. ತಿನ್ನಲು ಒಣದ್ರಾಕ್ಷಿ, ಬೀಜಗಳು, ಡಬ್ಬಿಯ ಮಾಂಸ. ಮಕ್ಕಳಿಗೆ ‘ಸ್ವಲ್ಪ ನಡೆದು ಬರುತ್ತೇನೆ’ ಎಂದಷ್ಟೇ ಹೇಳಿ, 67ರ ಹರೆಯದ ಆ ಅಜ್ಜಿ 1955ರ ಮೇ 3ರಂದು ದಕ್ಷಿಣದ ತುದಿಯಿಂದ ಹೊರಟಳು. ಆ ವರ್ಷದ ಆಗಸ್ಟ್‌ನಲ್ಲಿ ಎರಡು ಚಂಡಮಾರುತಗಳು ಪೂರ್ವತೀರವನ್ನು ಮಳೆಯಲ್ಲಿ ಮುಳುಗಿಸಿದವು. ಹಳ್ಳಗಳು ಉಕ್ಕಿ ಹರಿದವು. ಚಳಿಯ ರಾತ್ರಿಗಳಲ್ಲಿ ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳ ಮೇಲೆ ಆಕೆ ಮಲಗಿದಳು. ಹೊಸ್ತಿಲಲ್ಲಿ ನಿಂತು ಆಶ್ರಯ ಕೇಳಿದಾಗ ಕೆಲವರು ಉಣಬಡಿಸಿದರು. ಕೆಲವರು ಬಾಗಿಲು ಹಾಕಿಕೊಂಡರು. ಸೆಪ್ಟೆಂಬರ್ 25ರಂದು, ಹೊರಟ 146ನೆಯ ದಿನ, ಆಕೆ ಕಟಾಡಿನ್ ಶಿಖರದ ಮೇಲೆ ನಿಂತು ದೇಶಭಕ್ತಿಗೀತೆಯೊಂದನ್ನು ಹಾಡಿದಳು. ಇಡೀ ಹಾದಿಯನ್ನು ಒಂಟಿಯಾಗಿ ಒಂದೇ ಪ್ರಯಾಣದಲ್ಲಿ ನಡೆದ ಮೊದಲ ಹೆಂಗಸು ಆಕೆ.

ಹಾದಿ ಇಷ್ಟು ಕಠಿಣವೆಂದು ತಿಳಿದಿದ್ದರೆ ಹೊರಡುತ್ತಲೇ ಇರಲಿಲ್ಲ, ಆದರೆ ಹೊರಟ ಮೇಲೆ ಬಿಡುವ ಮಾತಿಲ್ಲ ಎಂದು ಆಕೆ ಪತ್ರಿಕೆಯವರಿಗೆ ಹೇಳಿದ್ದುಂಟು. 1957ರಲ್ಲಿ ಹಾದಿಯನ್ನು ಮತ್ತೊಮ್ಮೆ ನಡೆದಳು. 1964ರ ಹೊತ್ತಿಗೆ ಭಾಗಭಾಗವಾಗಿ ಮೂರನೆಯ ಸಲವೂ ಮುಗಿಸಿದಳು.

ಬೀಳುವುದಕ್ಕೂ ಸಿದ್ಧತೆ

1990ರಲ್ಲಿ ಬಿಲ್ ಅರ್ವಿನ್ ಎಂಬಾತ ಇದೇ ಹಾದಿಯನ್ನು ನಡೆದ. ಅವನಿಗೆ ಎರಡು ಕಣ್ಣೂ ಕಾಣವು. ಜೊತೆಗಿದ್ದುದು ಓರಿಯೆಂಟ್ ಎಂಬ ಹೆಸರಿನ ಮಾರ್ಗದರ್ಶಕ ನಾಯಿ. ಮಾರ್ಚ್ ತಿಂಗಳಲ್ಲಿ ಹೊರಟವನು ನವೆಂಬರ್ ತಿಂಗಳಲ್ಲಿ ಹಾದಿಯನ್ನು ಮುಗಿಸುವ ಹೊತ್ತಿಗೆ ಸಾವಿರಾರು ಸಲ ಬಿದ್ದಿದ್ದ. ಪೆನ್ಸಿಲ್ವೇನಿಯಾದ ಚೂಪುಗಲ್ಲುಗಳು, ನ್ಯೂಹ್ಯಾಂಪ್‌ಷೈರಿನ ಬಿರುಗಾಳಿಯ ನೆತ್ತಿಗಳು, ಮನೆಗಾತ್ರದ ಬಂಡೆಗಳ ನಡುವೆ ತೆವಳಿ ಸಾಗಬೇಕಾದ ಮಹೂಸಕ್ ಕಣಿವೆ: ಕಣ್ಣಿದ್ದವರೂ ಬೀಳುವ ಸ್ಥಳಗಳು ಇವು. ಬೀಳದೆ ನಡೆಯುತ್ತೇನೆಂದು ಹೊರಟಿದ್ದರೆ ಅರ್ವಿನ್ ಮೊದಲ ವಾರವೇ ನಿಲ್ಲಬೇಕಾಗುತ್ತಿತ್ತು. ಬೀಳುವುದನ್ನೂ ಏಳುವುದನ್ನೂ ನಡಿಗೆಯ ಅಂಗವೆಂದೇ ಎಣಿಸಿದ್ದರಿಂದ ಅವನು ಮುಂದೆ ಸಾಗಿದ.

ಹಾದಿಯವರಲ್ಲಿ ಒಂದು ಕಟ್ಟಳೆಯಿದೆ: ಕೆಟ್ಟ ದಿನದಲ್ಲಿ ಯಾತ್ರೆಯನ್ನು ಬಿಡಬಾರದು. ಬಿಡಲೇಬೇಕೆನಿಸಿದರೆ ಹತ್ತಿರದ ಊರಿಗಿಳಿದು, ಮಿಂದು, ಉಂಡು, ನಿದ್ದೆ ಮಾಡಿ, ಬಿಸಿಲು ಬಿದ್ದ ಬೆಳಗ್ಗೆ ಮತ್ತೊಮ್ಮೆ ಯೋಚಿಸಬೇಕು. ಆಗಲೂ ಬೇಡವೆನಿಸಿದರೆ ಅದು ನಿಜವಾದ ತೀರ್ಮಾನ. ಅಂಥವನು ತಲೆ ತಗ್ಗಿಸಬೇಕಾಗಿಲ್ಲ. ಮುರಿದ ಕಾಲಿನಲ್ಲಿ ನಡೆಯುವುದು, ಬಿರುಗಾಳಿಯಲ್ಲಿ ಶಿಖರ ಹತ್ತುವುದು ಧೈರ್ಯವಲ್ಲ. ಹಟಕ್ಕೂ ನಿಶ್ಚಯಕ್ಕೂ ಇರುವ ಅಂತರವನ್ನು ತಿಳಿಯುವುದೂ ಸಿದ್ಧತೆಯ ಒಂದು ಭಾಗವೇ.

ಕೊನೆಯ ಪರೀಕ್ಷೆ ಮೇಯ್ನ್ ರಾಜ್ಯದಲ್ಲಿ. ಮಾನ್ಸನ್ ಎಂಬ ಊರನ್ನು ಬಿಟ್ಟರೆ ಮುಂದೆ ನೂರು ಮೈಲಿ ಯಾವ ಊರೂ ಇಲ್ಲ. ಹತ್ತು ದಿನಗಳ ಆಹಾರವಿಲ್ಲದೆ ಕಾಲಿಡಬೇಡಿ ಎಂದು ಫಲಕ ಎಚ್ಚರಿಸುತ್ತದೆ. ಅದನ್ನು ದಾಟಿದರೆ 5,267 ಅಡಿ ಎತ್ತರದ ಕಟಾಡಿನ್. ಅಕ್ಟೋಬರ್ ಮಧ್ಯದೊಳಗೆ ಅಲ್ಲಿಗೆ ತಲುಪಬೇಕು. ಆಮೇಲೆ ಹಿಮದ ಕಾಲ.

ಶಿಖರ ಮುಟ್ಟಿದ ಮೇಲೆ ಇನ್ನೊಂದು ವಿಚಿತ್ರ ಕಾದಿರುತ್ತದೆ. ಐದಾರು ತಿಂಗಳು ಬೆಳಗಾದರೆ ‘ಉತ್ತರಕ್ಕೆ ನಡೆ’ ಎಂಬ ಒಂದೇ ಕೆಲಸವಿದ್ದವನಿಗೆ ಮರುದಿನ ಬೆಳಗ್ಗೆ ಮಾಡಲು ಏನೂ ಇರುವುದಿಲ್ಲ. ಊರಿಗೆ ಬಂದು, ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಬಾರದೆ, ಜನಜಂಗುಳಿಗೆ ಬೆಚ್ಚಿ, ತಿಂಗಳುಗಟ್ಟಲೆ ಮಂಕಾಗಿ ಕುಳಿತವರೂ ಉಂಟು. ಆದುದರಿಂದ ಹೊರಡುವಾಗಲೇ ಮರಳುವುದನ್ನೂ ಯೋಚಿಸಿಟ್ಟುಕೊಳ್ಳಬೇಕೆಂದು, ಮನೆಯಲ್ಲಿ ಮಾಡುವ ಕೆಲಸವೊಂದನ್ನು ಕಾದಿರಿಸಿ ಹೋಗಬೇಕೆಂದು ತಿಳಿದವರು ಹೇಳುತ್ತಾರೆ.

ಯುದ್ಧವನ್ನು ಕಳೆದುಕೊಳ್ಳಲು ನಡೆದ ಅರ್ಲ್ ಷಾಫರನಿಗೆ ಆ ಕೆಲಸ ಹಾದಿಯೇ ಆಯಿತು. ತನ್ನ ನಡಿಗೆಯ ಕುರಿತು ಪುಸ್ತಕ ಬರೆದ. 1965ರಲ್ಲಿ ಉತ್ತರದಿಂದ ದಕ್ಷಿಣಕ್ಕೆ ಮತ್ತೆ ನಡೆದ. ಮೊದಲ ನಡಿಗೆಗೆ ಐವತ್ತು ವರ್ಷ ತುಂಬಿದ 1998ರಲ್ಲಿ, ತನ್ನ 79ನೆಯ ವಯಸ್ಸಿನಲ್ಲಿ, ಮೂರನೆಯ ಸಲ ಚೀಲ ಹೊತ್ತು ಹೊರಟು ಹಾದಿಯನ್ನು ಮುಗಿಸಿದ. ಕಾಲುಗಳು ಮೊದಲಿನಂತಿರಲಿಲ್ಲ, ಹಾದಿಯೂ ಹಲವೆಡೆ ಬದಲಾಗಿ ಹೆಚ್ಚು ಕಡಿದಾಗಿತ್ತು. ಆದರೆ ಮನಸ್ಸಿಗೆ ಮಾತ್ರ ಆ ದಾರಿ ಹೊಸದಾಗಿರಲಿಲ್ಲ.